ಫ್ರೀ ಇಲ್ಲದ ಸೈಕಲ್ಲು

ಔರಾದದ ಬಸ್ಸು ಬೀದರದ ದಿಬ್ಬ ಬಿಟ್ಟು ಕೆಳಕ್ಕೆ ಇಳಿಯತೊಡಗಿದರೆ ಸಾಕು, ಸೀಟಿನ ಕೆಳಗೆ ನನ್ನ ಕಾಲುಗಳು ತಾವಾಗಿಯೇ ಆಡತೊಡಗುತ್ತವೆ. ಎಡಗಾಲು ಮೇಲೆ, ಬಲಗಾಲು ಕೆಳಗೆ. ಬಲಗಾಲು ಮೇಲೆ, ಎಡಗಾಲು ಕೆಳಗೆ. ಮೊನ್ನೆ ಪಕ್ಕದಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು ಸ್ವಲ್ಪ ಹೊತ್ತು ಸಹಿಸಿಕೊಂಡರು. ಜನವಾಡಾ ಬರುವ ಮೊದಲೇ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಅದುಮಿ ಹಿಡಿದರು.

"ಕಾಲ ಅಲ್ಲಾಡಸಬ್ಯಾಡವಾ. ಮನಿಗಿ ದರಿದ್ರ ಬರ್ತದ."

"ಬಂದು ಹೋಗ್ಯಾದ್ರಿ ಆಯಿ," ಅಂದೆ. "ಈ ಕಾಲೇ ಅದಕ್ಕ ಹೊರಗ ಹಾಕ್ಯಾವ."

ಅವರು ನನ್ನನ್ನೊಮ್ಮೆ ನೋಡಿ, ಕೈಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟು ಕಿಟಕಿಯ ಕಡೆಗೆ ಸರಿದರು. ತಪ್ಪು ಅವರದಲ್ಲ. ಇಳಿಜಾರು ಕಂಡ ಕೂಡಲೇ ತುಳಿಯುವ ಕಾಲುಗಳ ಕತೆಯನ್ನು ಜನವಾಡಾದಿಂದ ಸಂತಪುರದೊಳಗೆ ಹೇಳಿ ಮುಗಿಸಲಾಗದು. ನಿಮಗಾದರೆ ಹೇಳಬಹುದು. ನಿಮಗೆ ಇಳಿಯುವ ಅವಸರವಿಲ್ಲ.

ಬೀದರ ಎತ್ತರದ ಮೇಲಿರುವ ಊರು ಎಂದು ಭೂಗೋಳದ ಪುಸ್ತಕ ಹೇಳುತ್ತದೆ. ನಮ್ಮ ಓಣಿಯವರಿಗೆ ಅದನ್ನು ಹೇಳಿಕೊಟ್ಟದ್ದು ಮೊಣಕಾಲು. ಪಾಪನಾಶದ ಕಡೆಗೆ ಇಳಿಯುವ ದಾರಿಯ ತಳದಲ್ಲಿ ನಮ್ಮ ಮನೆ. ಬೇಕಾದದ್ದೆಲ್ಲ ಮೇಲೆ: ಗಾಂಧಿ ಗಂಜಿನ ಕಾಳಿನ ಪೇಟೆ, ಕಾಲೇಜು, ಬಸ್ ಸ್ಟ್ಯಾಂಡು, ದವಾಖಾನೆ. ಕೆಳಗೆ ನಾವು ಮತ್ತು ನಮ್ಮ ಎಮ್ಮೆಗಳು. ಚಿಕ್ಕವಳಿದ್ದಾಗ ಮೆಹಬೂಬ್ ಚಾಚಾನ ಅಂಗಡಿಯಲ್ಲಿ ತಾಸಿನ ಬಾಡಿಗೆಗೆ ಸೈಕಲ್ಲು ತರುತ್ತಿದ್ದೆವು. ಏರಿನಲ್ಲಿ ನಾಲ್ಕು ಮಕ್ಕಳು ಸೇರಿ ಅದನ್ನು ದಬ್ಬಬೇಕು, ತುದಿಯಲ್ಲಿ ಯಾರು ಹತ್ತಬೇಕೆಂದು ಜಗಳ ಆಡಬೇಕು, ಗೆದ್ದವರು ಕಾಲೆರಡನ್ನೂ ಗಾಳಿಗೆ ಚಾಚಿ ಇಳಿಯಬೇಕು. ಪೆಡಲು ಸುಮ್ಮನೆ ನಿಂತಿರುತ್ತಿತ್ತು. ಹಿಂದಿನ ಗಾಲಿಯಿಂದ ಟರ್‌ರ್‌ರ್ ಎಂಬ ಸದ್ದು, ಜೋಳದ ಹೊಲದ ಜೀರುಂಡೆಯ ಹಾಗೆ. ಆ ಸದ್ದು ಮಾಡುವ ಹಲ್ಲಿನ ಚಕ್ರಕ್ಕೆ ನಮ್ಮಲ್ಲಿ 'ಫ್ರೀ' ಅನ್ನುತ್ತಾರೆ. ಅದು ಇರುವುದರಿಂದಲೇ ಗಾಲಿ ಓಡುವಾಗಲೂ ಕಾಲಿಗೆ ವಿಶ್ರಾಂತಿ. ಜೀವನದಲ್ಲಿ ದುಡಿಯದೆ ಸಿಕ್ಕ ಸುಖ ಯಾವುದೆಂದು ಯಾರಾದರೂ ಕೇಳಿದರೆ ನಾನು ಆ ಇಳಿಜಾರನ್ನೇ ಹೇಳುತ್ತೇನೆ.

ಈಗ ನಾನು ಹೇಳಹೊರಟಿರುವುದು ಫ್ರೀ ಇಲ್ಲದ ಸೈಕಲ್ಲಿನ ಸಂಗತಿ.

ಎರಡು ಮಳೆಗಾಲ ಒಂದರ ಹಿಂದೊಂದು ಕೈಕೊಟ್ಟ ಕಾಲ ಅದು. ನನಗೆ ಎಂಟನೇ ತರಗತಿಯಿಂದಲೂ ಡೈರಿ ಬರೆಯುವ ಚಟ. ಡೈರಿ ಎಂದರೆ ಮನಸ್ಸಿನ ಮಾತು ಎಂದುಕೊಳ್ಳಬೇಡಿ, ಬರೀ ಗೀಟುಗಳು. ನಳಕ್ಕೆ ನೀರು ಬಂದ ದಿನ, ಮೋಡ ಕಟ್ಟಿದ ದಿನ, ಅವ್ವ ನನ್ನನ್ನು ಬೈದ ದಿನ, ಬೈಯಲು ಮರೆತ ದಿನ. ಆ ವರ್ಷ 'ನಳ ಬಂತು' ಎನ್ನುವ ಕಾಲಮ್ಮು ಎಷ್ಟು ಖಾಲಿ ಬಿತ್ತೆಂದರೆ, ಕಾಗದ ಹಾಳಾಗುತ್ತದೆಂದು ಅದರಲ್ಲೇ ಓಣಿ ಬಿಟ್ಟು ಹೋದವರ ಹೆಸರು ಬರೆಯತೊಡಗಿದೆ. ಅದು ಬೇಗ ತುಂಬಿತು.

ಅದರಲ್ಲಿ ನಮ್ಮಪ್ಪನ ಹೆಸರೂ ಇತ್ತು. ಅಪ್ಪ ಗೌಂಡಿ, ಮನೆ ಕಟ್ಟುವವನು. ಕುಡಿಯಲಿಕ್ಕೇ ನೀರಿಲ್ಲದ ಊರಿನಲ್ಲಿ ಗೋಡೆಗೆ ನೀರು ಹೊಡೆಯುವವರು ಯಾರು? ಕಟ್ಟಡಗಳು ಅರ್ಧಕ್ಕೇ ನಿಂತವು. ಅಪ್ಪ ಪುಣೆಗೆ ಹೋಗಿ ಒಂದು ದೊಡ್ಡ ಅಪಾರ್ಟ್‌ಮೆಂಟಿನ ವಾಚಮನ್ ಆದ. ಇಲ್ಲಿ ಅವ್ವ ಬೆಳಿಗ್ಗೆ ಎದ್ದು ಜೋಳದ ರೊಟ್ಟಿ ಬಡಿದು ಗಂಜಿನ ಹಮಾಲರಿಗೆ, ಅಂಗಡಿಯವರಿಗೆ ಊಟದ ಡಬ್ಬಿ ಕಳಿಸುತ್ತಿದ್ದಳು. ಡಬ್ಬಿ ಒಯ್ಯುತ್ತಿದ್ದ ಆಟೋದವನೂ ಹೈದರಾಬಾದಿಗೆ ಹೊರಟುಹೋದ ಮೇಲೆ ನಾನೇ ತಲೆಯ ಮೇಲೆ ಬುಟ್ಟಿ ಹೊತ್ತು ದಿಬ್ಬ ಹತ್ತುತ್ತಿದ್ದೆ. ಡಬ್ಬಿ ತಡವಾಗುತ್ತಿತ್ತು, ನಾನು ಕಾಲೇಜಿಗೆ ಅದಕ್ಕಿಂತ ತಡವಾಗಿ ಹೋಗುತ್ತಿದ್ದೆ.

ದೀಪಾವಳಿಗೆ ಬಂದ ಅಪ್ಪ ಎರಡು ತಂದ. ಒಂದು, ಬಸ್ಸಿನ ಟಾಪಿನ ಮೇಲೆ ಕಟ್ಟಿಕೊಂಡು ಬಂದ ಸೈಕಲ್ಲು. ಅಪಾರ್ಟ್‌ಮೆಂಟಿನಲ್ಲಿದ್ದ ಕಾಲೇಜು ಹುಡುಗನೊಬ್ಬ ಊರು ಬಿಡುವಾಗ ಅಪ್ಪನಿಗೆ ಬಿಟ್ಟುಕೊಟ್ಟದ್ದು. ಇನ್ನೊಂದು, ಒಂದು ಮಾತು.

"ಉಗಾದಿತನಕ ನೋಡ್ರಿ," ಅಂದ ಅಪ್ಪ. "ಗಂಜಿನ ಡಬ್ಬಿ ನಡೀತು ಅಂದ್ರ ಸರಿ. ಇಲ್ಲಂದ್ರ ಮನಿಗಿ ಕೀಲಿ ಹಾಕಿ ಎಲ್ಲರೂ ಪುಣೆಗಿ ಹೋಗಾಮು. ಎರಡು ಕಡಿ ಒಲಿ ಹಚ್ಚಲಾಕ ಆಗಂಗಿಲ್ಲ."

"ನನ್ನ ಬಿಎಸ್ಸಿ?" ಅಂದೆ.

"ಅಲ್ಲೂ ಕಾಲೇಜು ಅವ."

ಇದ್ದವು, ನಿಜ. ಆದರೆ ನಮ್ಮ ಓಣಿಯಿಂದ ಹೋದ ಹುಡುಗಿಯರಲ್ಲಿ ಒಬ್ಬಳೂ ಅಲ್ಲಿನ ಕಾಲೇಜಿನ ಗೇಟು ದಾಟಿರಲಿಲ್ಲ. ಎಲ್ಲರೂ ಯಾರದೋ ಮನೆಯ ಪಾತ್ರೆ ತಿಕ್ಕುತ್ತಿದ್ದರು. ಅಪ್ಪನಿಗೂ ಅದು ಗೊತ್ತಿತ್ತು. ಅದಕ್ಕೇ ಅವನು ನನ್ನ ಮುಖ ನೋಡದೆ ಸೈಕಲ್ಲಿನ ಧೂಳು ಒರೆಸುತ್ತ ಆ ಮಾತು ಹೇಳಿದ.

ಸೈಕಲ್ಲು ನೋಡಲು ಚೆಂದವೇ ಇತ್ತು. ಬಳೆಯಂಥ ತೆಳ್ಳನೆಯ ಗಾಲಿ, ಮುಂದೆ ಒಂದೇ ಬ್ರೇಕು, ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಗಂಟೆಯೂ ಇಲ್ಲ. "ಇದಕ್ಕ ಬಟ್ಟಿ ಹಾಕಲಾಕ ಮರ್ತಾರೇನು?" ಅಂದಳು ಅವ್ವ. ನಾನು ಹೆಮ್ಮೆಯಿಂದ ಹತ್ತಿ, ಓಣಿಯ ಬಾಯಿಗೆ ಏರಿ, ತಿರುಗಿ ಬರುವ ಇಳಿಜಾರಿನಲ್ಲಿ ಹಳೆಯ ಅಭ್ಯಾಸದಂತೆ ಕಾಲು ನಿಲ್ಲಿಸಿದೆ. ಕಾಲು ನಿಂತಿತು, ಪೆಡಲು ನಿಲ್ಲಲಿಲ್ಲ. ಅದು ನನ್ನ ಮೊಣಕಾಲನ್ನು ಎತ್ತಿ ಗದ್ದಕ್ಕೆ ತಂದು, ನನ್ನನ್ನು ಒಯ್ದು ಬುದ್ಧ ವಿಹಾರದ ಮುಂದಿನ ಮರಳಿನ ಗುಡ್ಡೆಯಲ್ಲಿ ಹೂತಿಟ್ಟಿತು.

ಮೆಹಬೂಬ್ ಚಾಚಾ ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲನ್ನು ಹಿಂದಕ್ಕೆ ತಿರುಗಿಸಿದ. ಗಾಲಿಯೂ ಹಿಂದಕ್ಕೆ ತಿರುಗಿತು. ಮುಂದಕ್ಕೆ ತಿರುಗಿಸಿದ, ಮುಂದಕ್ಕೆ ತಿರುಗಿತು. ಚಾಚಾ ನಾಡಿ ನೋಡಿದ ವೈದ್ಯನ ಹಾಗೆ ತಲೆಯಾಡಿಸಿದ.

"ಫ್ರೀ ಜಾಮ್ ಆಗ್ಯಾದ ಬೇಟಿ. ಪುಣೆ ಹವಾ. ತುಕ್ಕು ಹಿಡ್ದದ. ಥೋಡೆ ಚಿಮಣಿ ಎಣ್ಣಿ ತೊಗೊಂಡು ಬಾ, ಬಿಡಸ್ತೇನಿ."

ಚಿಮಣಿ ಎಣ್ಣೆ ಒಯ್ದೆ. ಸಾಲಲಿಲ್ಲ. ಮತ್ತೆ ಒಯ್ದೆ. ಚಾಚಾ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಿವಿಯಿಟ್ಟು ಕೇಳಿ, ಮತ್ತೆ ಎಣ್ಣೆ ಬಿಟ್ಟ. ವಾರ ಕಳೆಯಿತು. ಓಣಿಯಲ್ಲಿ ಕರೆಂಟು ಹೋದ ರಾತ್ರಿ ನಮ್ಮ ಮನೆಯ ಕಂದೀಲು ಮಾತ್ರ ಹೊತ್ತಲಿಲ್ಲ. "ಎಲ್ಲಾ ಎಣ್ಣಿ ಅದರ ಕಿವ್ಯಾಗ ಹೊಯ್ದಾಳ," ಎಂದು ಅವ್ವ ಕತ್ತಲಲ್ಲೇ ನನ್ನನ್ನು ಬೈದಳು. ನಾನೂ ಕತ್ತಲಲ್ಲೇ ಡೈರಿಗೆ ಒಂದು ಗೀಟು ಹಾಕಿದೆ.

ಕೊನೆಗೆ ಅಪ್ಪ ಪುಣೆಯಿಂದ ಫೋನ್ ಮಾಡಿದ. ಸೈಕಲ್ಲು ಕೊಟ್ಟ ಹುಡುಗನನ್ನು ಫೋನಿನಲ್ಲಿ ವಿಚಾರಿಸಿದ್ದನಂತೆ. ನಾನು ಅಂಗಡಿಯಲ್ಲಿದ್ದೆ, ಫೋನನ್ನು ಚಾಚಾನ ಕಿವಿಗೆ ಹಿಡಿದೆ.

"ಅದು ಕೆಟ್ಟಿಲ್ಲಂತ್ರಿ ಚಾಚಾ," ಅಂದ ಅಪ್ಪ. "ಅದಕ್ಕ ಫ್ರೀನೇ ಇಲ್ಲಂತ. ಮಾಡೋ ಮುಂದೇ ಹಾಂಗ ಮಾಡ್ಯಾರಂತ."

ಚಾಚಾ ಬಹಳ ಹೊತ್ತು ಸೈಕಲ್ಲನ್ನೇ ನೋಡಿದ. "ಬೇಕಂತ್ಲೇ ಮಾಡ್ಯಾರ? ರೊಕ್ಕಾ ತೊಗೊಂಡು?" ಅಂದ. ಆಮೇಲೆ ಎಣ್ಣೆಯ ಕೈ ಒರೆಸಿಕೊಳ್ಳುತ್ತ, "ಬಿಡು. ಇಲ್ಲದ ರೋಗಕ್ಕ ಔಷಧ ಕೊಟ್ಟೀನಿ. ನನ್ನ ಕೂಲಿ ಬ್ಯಾಡ," ಎಂದು, ಕಂಬಿ ಬಗ್ಗಿಸಿ ವೆಲ್ಡಿಂಗ್ ಮಾಡಿಸಿ ಹಿಂದೆ ಗಟ್ಟಿ ಕ್ಯಾರಿಯರ್ ಕೂರಿಸಿಕೊಟ್ಟ.

ಕಲಿಯುವುದೆಂದರೆ ಮೊದಲು ಹಳೆಯದನ್ನು ಮರೆಯುವುದು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಅದು ಕಾಲಿಗೂ ಸಲ್ಲುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಈ ಸೈಕಲ್ಲಿನ ಮೇಲೆ ವಿಶ್ರಾಂತಿ ಎಂಬುದೇ ಇಲ್ಲ. ಗಾಲಿ ಎಷ್ಟು ಓಡುತ್ತದೋ ಕಾಲು ಅಷ್ಟು ಓಡಬೇಕು. ಏರಿನಲ್ಲಿ ಉಸಿರು ಬಿಡಲು ನಿಂತರೆ ಮತ್ತೆ ಹೊರಡುವುದು ಕಷ್ಟ. ಇಳಿಜಾರಿನಲ್ಲಿ ಕಾಲು ಮಿಕ್ಸರಿನ ಹಾಗೆ ತಿರುಗುತ್ತದೆ. ದಬ್ಬಿಕೊಂಡು ಹೋದರೂ ಬಿಡುವುದಿಲ್ಲ, ಪೆಡಲು ಬಂದು ಮೀನಖಂಡಕ್ಕೆ ಒದೆಯುತ್ತದೆ. ಒಮ್ಮೆ ಚೂಡಿದಾರದ ಪ್ಯಾಂಟನ್ನು ಚೈನು ಹಿಡಿಯಿತು. ಬೇರೆ ಸೈಕಲ್ಲಾದರೆ ಕಾಲು ನಿಲ್ಲಿಸಿ ಬಿಡಿಸಿಕೊಳ್ಳಬಹುದು. ಇದು ಮೊಣಕಾಲಿನವರೆಗೆ ಹರಿದುಕೊಂಡು ನುಂಗಿತು. ಆ ದಿನ ಕಾಲೇಜಿನಲ್ಲಿ ಒಂದು ಕಾಲಿಗೆ ಓಢಣಿ ಸುತ್ತಿಕೊಂಡು ರಸಾಯನಶಾಸ್ತ್ರ ಕೇಳಿದೆ. ಮರುದಿನದಿಂದ ಹಳೆಯ ಟ್ಯೂಬು ಕತ್ತರಿಸಿದ ಕರಿ ಉಂಗುರಗಳು ನನ್ನ ಕಾಲ್ಗಡಗಗಳಾದವು.

ಡೈರಿಯಲ್ಲಿ ಎರಡು ಹೊಸ ಕಾಲಮ್ಮು ತೆರೆದೆ: 'ಇಳಿದೆ', 'ಇಳಿಯಲಿಲ್ಲ'. ದಿಬ್ಬದ ನಡುವೆ ಕಾಲು ಕೆಳಗಿಟ್ಟರೆ ಮೊದಲನೆಯದರಲ್ಲಿ ಗೀಟು, ತುದಿಯವರೆಗೆ ತುಳಿದರೆ ಎರಡನೆಯದರಲ್ಲಿ. ಕಾರ್ತಿಕವೆಲ್ಲ ಮೊದಲನೆಯದೇ ಬೇಲಿಯ ಹಾಗೆ ಒತ್ತಾಗಿ ಬೆಳೆಯಿತು. ಸಂಕ್ರಾಂತಿಯ ಹೊತ್ತಿಗೆ ಒಂದು ಸಂಗತಿ ಕಾಲಿಗೆ ತಾನಾಗಿ ತಿಳಿಯಿತು. ಏರಿನಲ್ಲಿ ಕಾಲು ಸೋತು ನಿಲ್ಲುವ ಆ ಒಂದು ಗಳಿಗೆಯಲ್ಲಿ ಗಾಲಿಯೇ ಪೆಡಲನ್ನು ಎತ್ತಿ ಮುಂದಿನ ತುಳಿತಕ್ಕೆ ಒಪ್ಪಿಸುತ್ತದೆ. ನಾವು ಅದನ್ನು ಬಿಡದಿದ್ದರೆ ಅದೂ ನಮ್ಮನ್ನು ಬಿಡುವುದಿಲ್ಲ. ಆ ಬೆಳಿಗ್ಗೆ ಎರಡನೆಯ ಕಾಲಮ್ಮಿಗೆ ಮೊದಲ ಗೀಟು ಬಿತ್ತು. ಗಂಜಿನ ಬಾಗಿಲಲ್ಲಿ ನಿಂತು, ಯಾರಿಗೂ ಕಾಣದಂತೆ, ನನ್ನ ತೊಡೆಯನ್ನು ನಾನೇ ತಟ್ಟಿಕೊಂಡೆ.

ಇಳಿಜಾರೂ ಹಾಗೇ ಪಳಗಿತು. ಬ್ರೇಕು ಹಿಡಿಯದೆ, ಏಳುವ ಪೆಡಲನ್ನು ಅಂಗಾಲಿನಿಂದ ಒತ್ತಿ ತಡೆದರೆ ಗಾಲಿ ಎತ್ತಿನ ಹಾಗೆ ಮೆತ್ತಗೆ ನಡೆಯುತ್ತದೆ. ಗಂಜಿನ ಗದ್ದಲದಲ್ಲಿ ಇನ್ನೊಂದು ವಿದ್ಯೆ ಬಂತು. ಕೈಗಾಡಿಗಳ ನಡುವೆ ದಾರಿ ಕಟ್ಟಿದಾಗ ಡಬ್ಬಿಯ ಭಾರ ಹೊತ್ತ ಸೈಕಲ್ಲಿನಿಂದ ಇಳಿಯುವುದೇ ಫಜೀತಿ. ಮುಂದಿನ ಗಾಲಿಯನ್ನು ಸ್ವಲ್ಪ ಹೊರಳಿಸಿ, ಪೆಡಲನ್ನು ಬೆರಳಷ್ಟು ಮುಂದೆ, ಬೆರಳಷ್ಟು ಹಿಂದೆ ಆಡಿಸಿದರೆ ಸೈಕಲ್ಲು ನಿಂತಲ್ಲೇ ನಿಲ್ಲುತ್ತದೆ, ಕಾಲು ನೆಲಕ್ಕೆ ತಾಗುವುದೇ ಇಲ್ಲ. ಮೊದಲ ಸಲ ಹಾಗೆ ನಿಂತಾಗ ಚೀಲ ಹೊತ್ತ ಹಮಾಲನೊಬ್ಬ ಚೀಲ ಹೊತ್ತೇ ನಿಂತುಬಿಟ್ಟ.

"ಏ ನೋಡ್ರೋ, ಪೋರಿ ಗಾಳಿ ಮ್ಯಾಲೆ ನಿಂತಾಳ!"

"ನೀ ಸರಿ ಕಾಕಾ, ಇಲ್ಲಂದ್ರ ನಿನ್ನ ಮ್ಯಾಲೆ ನಿಂದರ್ತೇನಿ," ಅಂದೆ.

ಭಾಲ್ಕಿಯಿಂದ ನಮ್ಮತ್ತೆ ಮತ್ತು ಅವರ ಮಗ ಪ್ರಕಾಶ ಬಂದದ್ದು ಆಗಲೇ. ಮೋಟಾರ್ ಸೈಕಲ್ಲಿನಲ್ಲಿ ಭಾಲ್ಕಿಯಿಂದ ಬೀದರಕ್ಕೆ ಒಮ್ಮೆಯೂ ಬ್ರೇಕು ಹಿಡಿಯದೆ ಬರುತ್ತೇನೆಂದು ಹೇಳಿಕೊಳ್ಳುವ ಜಾತಿ ಅವನು. "ಇದೇನು ಸೈಕಲ್ಲೋ ಹಪ್ಪಳೋ? ಇಲ್ಲಿ ಕೊಡು, ನಾ ತೋರಸ್ತೇನಿ," ಎಂದು ಹತ್ತಿದ. ನಾನು ಹೇಳಬೇಕಿತ್ತು. ಬಾಯಿಯನ್ನೂ ತೆರೆದೆ. ಆದರೆ ಅವನು "ಹುಡಿಗ್ಯಾರಿಗಿ ಏನ್ ತಿಳಿತದ" ಅಂದದ್ದರಿಂದ ಮುಚ್ಚಿಕೊಂಡೆ. ಇಳಿಜಾರಿನಲ್ಲಿ ಅವನು ಕಾಲು ನಿಲ್ಲಿಸಿದ ಜಾಗ ನನಗೆ ಮನೆಯಿಂದಲೇ ಕಂಡಿತು. ಆ ಮರಳಿನ ಗುಡ್ಡೆ ಅಷ್ಟರಲ್ಲಿ ಯಾರದೋ ಮನೆಗೆ ಹೋಗಿಬಿಟ್ಟಿತ್ತು. ಅವನ ಪಾಲಿಗೆ ಜಾಲಿಕಂಟಿ ಉಳಿದಿತ್ತು. ಅತ್ತೆ ಮುಳ್ಳು ತೆಗೆಯುತ್ತ, "ಇಂಥ ದೆವ್ವಿನ ಗಾಡಿ ಮನ್ಯಾಗ ಯಾಕ ಇಟ್ಟೀರಿ?" ಅಂದರು. ಪ್ರಕಾಶ ಮೋಟಾರ್ ಸೈಕಲ್ಲನ್ನು ನಮ್ಮಲ್ಲೇ ಬಿಟ್ಟು, ಭಾಲ್ಕಿಗೆ ನಿಂತುಕೊಂಡೇ ಬಸ್ಸಿನಲ್ಲಿ ಹೋದ.

ನಾನು ಗೆಲ್ಲುತ್ತಿದ್ದೆ, ಗಂಜು ಸೋಲುತ್ತಿತ್ತು. ತೊಗರಿ ಬರಲಿಲ್ಲ, ಉದ್ದು ಬರಲಿಲ್ಲ, ಲಾರಿ ನಿಲ್ಲುವ ಜಾಗದಲ್ಲಿ ನಾಯಿ ಮಲಗತೊಡಗಿದವು. ಹೊರಲು ಚೀಲವಿಲ್ಲದ ಹಮಾಲರು ಒಬ್ಬೊಬ್ಬರಾಗಿ ಊರು ಬಿಟ್ಟರು. ಪ್ರತಿಯೊಬ್ಬ ಹಮಾಲನ ಜೊತೆ ನಮ್ಮದೊಂದು ಡಬ್ಬಿಯೂ ಹೋಯಿತು. ಹೋಳಿಯ ಹೊತ್ತಿಗೆ ಡಬ್ಬಿ ಒಯ್ಯಲು ಸೈಕಲ್ಲೇ ಬೇಕಿರಲಿಲ್ಲ, ಕೈಚೀಲ ಸಾಕಿತ್ತು. ಒಂದು ಸಂಜೆ ಬಂದಾಗ ಅವ್ವ ಅಟ್ಟದ ಮೇಲಿನ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿಟ್ಟಿದ್ದಳು. ಉಗಾದಿ ಹತ್ತಿರವಿತ್ತು.

ಕೂಲಿಯಾಳುಗಳ ಮುಕಾದಮ ಮಾಣಿಕಪ್ಪ ನನ್ನನ್ನು ಕಂಡದ್ದು ಆ ದಿನಗಳಲ್ಲಿ. ಔರಾದ ರೋಡಿನಲ್ಲಿ ಘಾಟು ಇಳಿದ ಮೇಲೆ ಬಲಕ್ಕೆ ಒಣಗಿದ ಕೆರೆಯೊಂದಿದೆ. ಅದರ ಹೂಳೆತ್ತುವ ಕೆಲಸ ಹಿಡಿದಿದ್ದ. ಔರಾದ, ಸಂತಪುರದ ಕಡೆಯ ಗಂಡಸರು, ಹೆಂಗಸರು ದೊಡ್ಡ ಗುಂಪಾಗಿ ಕೆಲಸಕ್ಕಿದ್ದರು. ಜೋಳ ಕೊಳ್ಳಲು ಗಂಜಿಗೆ ಬಂದವನು, ಕೈಗಾಡಿಗಳ ನಡುವೆ ಕಾಲೂರದೆ ನಿಂತಿದ್ದ ನನ್ನನ್ನು ನೋಡಿ ಹತ್ತಿರ ಬಂದ.

"ಡಬ್ಬಿ ಯಾರದವಾ?"

"ನಮ್ಮವ್ವಂದ್ರಿ."

"ನನ್ನ ಮಂದಿಗಿ ಮಧ್ಯಾಹ್ನ ರೊಟ್ಟಿ, ಬ್ಯಾಳಿ ಬೇಕಾಗ್ಯಾದ. ಖಾನಾವಳಿಯವಾ ಒಬ್ಬವಾ ಮೋಟಾರ್ ಸೈಕಲ್ ಮ್ಯಾಲೆ ತರ್ತಾನ. ಘಾಟಿನ್ಯಾಗ ದಾರಿಗಿ ಅರ್ಧ ಬ್ಯಾಳಿ ಉಣಸ್ತಾನ, ನಮಗ ಅರ್ಧ. ನಿನ್ನ ಕೈಲೆ ಆಗ್ತದೇನು?"

"ಆಗ್ತದ್ರಿ," ಅಂದೆ. ನಾಲಿಗೆಗೂ ಫ್ರೀ ಇರಲಿಲ್ಲ.

"ನಾಳಿ ಒಂದು ದಿನ ನೋಡ್ತೇನಿ. ಚೆಲ್ಲಿತು ಅಂದ್ರ ನಾಡದಾ ಬರಬ್ಯಾಡ."

ಮರುದಿನ ಹಾಲಿನವರು ಬಳಸುವಂಥ ಎರಡು ಕ್ಯಾನು ತಂದೆವು. ಅವ್ವ ಬೇಳೆಯನ್ನು ಕಂಠದವರೆಗೆ ಹೊಯ್ದಳು. ನಾಲ್ಕು ಬೆರಳು ಕಡಿಮೆ ಹಾಕು ಎಂದು ಬೇಡಿಕೊಂಡೆ.

"ನಮ್ಮ ಮನ್ಯಾಗಿಂದ ಕೊರತಿ ಪಾತ್ರಿ ಹೊರಗ ಹೋಗಂಗಿಲ್ಲ." ಇದು ಅವ್ವನ ತವರಿನ ರೀತಿ. ನೆರೆಮನೆಗೆ ಒಂದು ವಾಟಿ ಮಜ್ಜಿಗೆ ಕೊಟ್ಟರೂ ಅಂಚು ಮುಟ್ಟಿರಬೇಕು.

"ಚೆಲ್ಲಿದ್ರ?"

"ಚೆಲ್ಲಿದ್ರ ನಿನ್ನ ಸೈಕಲ್ದು ತಪ್ಪು. ಕಡಿಮಿ ಹಾಕಿದ್ರ ನನ್ನ ಕೈದು ತಪ್ಪು. ನಡಿ."

ಕ್ಯಾನುಗಳನ್ನು ಎರಡೂ ಬದಿಗೆ ಕೊಕ್ಕೆಗೆ ಹಾಕಿ, ಮುಚ್ಚಳಕ್ಕೆ ಬಟ್ಟೆ ಬಿಗಿದು, ಮೇಲೆ ರೊಟ್ಟಿಯ ಗಂಟು ಕಟ್ಟಿದೆವು. ಮನೆಯ ದಿಬ್ಬವನ್ನು ಹೇಗೆ ಹತ್ತಿದೆನೆಂದು ನೆನಪಿಲ್ಲ. ಹತ್ತಿದೆ, ಕಾಲು ಕೆಳಗಿಡಲಿಲ್ಲ, ಅಷ್ಟೇ. ಊರು ದಾಟಿದೆ. ಘಾಟಿನ ತಲೆಗೆ ಬಂದಾಗ ಕೆಳಗೆ ಔರಾದದ ಬಯಲು ಹಸಿರೆಂಬುದೇ ಇಲ್ಲದೆ ಬಿಸಿಲಲ್ಲಿ ನಡುಗುತ್ತಿತ್ತು. ಅಂಗಾಲು ಒತ್ತಿ ಇಳಿಯತೊಡಗಿದೆ. ಕ್ಯಾನುಗಳಿಂದ ಸದ್ದಿಲ್ಲ. ಒಳಗಿನದು ಅಲುಗಿದರೆ ಗುಳುಕ್ ಎನ್ನಬೇಕು, ಅನ್ನಲಿಲ್ಲ.

ಅರ್ಧ ಇಳಿದಿರಬಹುದು, ತಿರುವಿನಲ್ಲಿ ರಸ್ತೆ ತುಂಬ ದನ. ಮುದುಕನೊಬ್ಬ ಬರಗಾಲದ ಮೇವಿನ ಕೇಂದ್ರಕ್ಕೆ ಹೊಡೆದುಕೊಂಡು ಹೊರಟಿದ್ದ. ಎಲುಬು ಎಣಿಸಬಹುದಾದ ಎತ್ತು, ಆಕಳು, ಎಮ್ಮೆ, ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ. ಒಂದು ಎಮ್ಮೆ ನನ್ನ ಎದುರಿಗೇ ಅಡ್ಡಲಾಗಿ ನಿಂತು, ಬಹಳ ವಿಚಾರ ಮಾಡುವವರ ಹಾಗೆ ನೋಡಿತು. ಮುಂದಿನ ಬ್ರೇಕು ಗಟ್ಟಿ ಹಿಡಿದರೆ ಹಿಂದಿನ ಭಾರ ಎತ್ತಿಹಾಕುತ್ತದೆ. ಕಾಲೂರಿದರೆ ಸೈಕಲ್ಲು ವಾಲುತ್ತದೆ, ವಾಲಿದರೆ ಒಂದು ಕ್ಯಾನು ರಸ್ತೆಗೆ. ಪುಣೆ, ಯಾರದೋ ಮನೆಯ ಬಚ್ಚಲು, ತಿಕ್ಕಬೇಕಾದ ಪಾತ್ರೆ, ಎಲ್ಲ ಆ ಎಮ್ಮೆಯ ಹಿಂದೆ ಸಾಲಾಗಿ ನಿಂತಂತಾಯಿತು.

ಮುಂದಿನ ಗಾಲಿಯನ್ನು ದಿಬ್ಬದ ಕಡೆಗೆ ಹೊರಳಿಸಿದೆ. ಪೆಡಲಿನ ಮೇಲೆ ಎದ್ದು ನಿಂತೆ. ಬೆರಳಷ್ಟು ಮುಂದೆ, ಬೆರಳಷ್ಟು ಹಿಂದೆ. ತೊಡೆಗಳು ಸುಟ್ಟುಹೋಗುತ್ತಿದ್ದವು. ಬೆವರು ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲು ಕೈಯಿಲ್ಲ. ದನಕಾಯುವ ಮುದುಕ ಕೋಲಿನ ಮೇಲೆ ಗದ್ದವಿಟ್ಟು ನೋಡುತ್ತ ನಿಂತ.

"ಯಪ್ಪಾ, ಎಮ್ಮಿಗಿ ಥೋಡೆ ಹೇಳ್ರಿ!" ಎಂದು ಕೂಗಿದೆ.

"ನಿಂದರ್ ತಂಗಿ, ನಿಂದರ್. ಚೆಂದ ಕಾಣಸ್ಲಾಕತ್ತದ," ಅಂದ ಮುದುಕ. ನೋಡಿ ಮುಗಿದ ಮೇಲೆ ಎಮ್ಮೆಗೆ ಒಂದು ಬಿಟ್ಟ. ಅದು ಸರಿಯಿತು. ಅಲ್ಲಿಂದ ಘಾಟಿನ ಬುಡದವರೆಗೆ ದನಗಳ ಹಿಂದೆ ದನದ ನಡಿಗೆಯಲ್ಲೇ ಇಳಿದೆ. ಯಾವ ಮೋಟಾರ್ ಸೈಕಲ್ಲಿಗೂ ಆ ನಡಿಗೆ ಬರುವುದಿಲ್ಲ.

ಕೆರೆಯ ದಂಡೆಯಲ್ಲಿ ಬುಟ್ಟಿ ಹೊತ್ತ ಹೆಂಗಸರು ಬೆಚ್ಚಿ ಹಿಂದೆ ಸರಿದರು. "ಅಯ್ಯ ತಂಗಿ, ಸಪ್ಪಳಿಲ್ಲ ಏನಿಲ್ಲ, ಬೆಕ್ಕು ಬಂದಾಂಗ ಬಂದಿ!" ಅಂದಳು ಸಂತಪುರದವಳೊಬ್ಬಳು. ಮಾಣಿಕಪ್ಪ ಬಂದು ಬಟ್ಟೆ ಬಿಚ್ಚಿ ಮುಚ್ಚಳ ತೆಗೆದ. ಬೇಳೆ ಕಂಠದಲ್ಲೇ ಇತ್ತು. ಮೇಲೆ ಒಗ್ಗರಣೆಯ ಎಣ್ಣೆ ಕೆಂಪಗೆ, ಒಡೆಯದೆ, ಹೊಳೆಯುತ್ತಿತ್ತು. ಅವನು ಇನ್ನೊಂದು ಕ್ಯಾನನ್ನೂ ತೆಗೆದು ನೋಡಿದ, ಕ್ಯಾನಿನ ಹೊರಮೈಗೆ ಬೆರಳಾಡಿಸಿದ, ಬೆರಳು ನೋಡಿಕೊಂಡ. ಒಣಗಿತ್ತು.

"ಹಾದ್ಯಾಗ ಎಲ್ಲಿರೆ ನಿಂತು ಮತ್ತ ತುಂಬಸ್ಕೊಂಡಿ ಏನು?"

"ಘಾಟಿನ್ಯಾಗ ಬ್ಯಾಳಿ ಯಾರ್ ಮಾರ್ತಾರ್ರಿ?"

ಹೆಂಗಸರು ಘೊಳ್ಳೆಂದು ನಕ್ಕರು. ಮಾಣಿಕಪ್ಪನೂ ನಕ್ಕ. "ಮಳಿ ಬರೋತನಕ ನೀವೇ," ಅಂದ. "ನಾಳಿಂದ ಇನ್ನೊಂದು ಕ್ಯಾನು ಹೆಚ್ಚಿಗಿ ತಾ. ಮಂದಿ ಬರ್ಲಾಕತ್ಯಾರ."

ಬರುವಾಗ ಘಾಟು ಹತ್ತಬೇಕಿತ್ತು, ಖಾಲಿ ಕ್ಯಾನುಗಳು ಹಿಂದೆ ತಾಳ ಹಾಕುತ್ತಿದ್ದವು. ಔರಾದದಿಂದ ಬಂದ ಬಸ್ಸೊಂದು ಏದುಸಿರು ಬಿಡುತ್ತ ನನ್ನನ್ನು ದಾಟಿತು. ಕಿಟಕಿಯಲ್ಲಿದ್ದವರು ಕೈಯಾಡಿಸಿದರು. ಕೈಯಾಡಿಸಲು ನನಗೆ ಬಿಡುವಿರಲಿಲ್ಲ, ಆದ್ದರಿಂದ ಜೋರಾಗಿ ಕೂಗಿದೆ. ಏನೆಂದು ಕೂಗಿದೆನೋ, ಅದಕ್ಕೆ ಡೈರಿಯಲ್ಲಿ ಕಾಲಮ್ಮು ಇರಲಿಲ್ಲ.

ಆ ಸಂಜೆ ಅಪ್ಪನ ಫೋನು ಬಂತು. ಅವ್ವ ಮರುದಿನಕ್ಕೆ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರದಲ್ಲಿ ಎರಡೂ ಕೈ. ನಾನು ಫೋನನ್ನು ಅವಳ ಕಿವಿಗೆ ಹಿಡಿದೆ. ಅಪ್ಪನ ದನಿ ನನಗೂ ಕೇಳುತ್ತಿತ್ತು.

"ಉಗಾದಿಗಿ ಎರಡು ದಿನ ಮೊದಲೇ ಬರ್ತೇನಿ. ಸಾಮಾನು ಕಟ್ಟಿ ಇಟ್ಟೀರಿಲ್ಲೋ?"

"ಕಟ್ಟಿದ್ದು ಬಿಚ್ಚೀವ್ರಿ," ಅಂದಳು ಅವ್ವ. "ನೀವೇ ನಿಮ್ಮ ಹಾಸಗಿ ಕಟ್ಟಿಕೊಂಡು ಬರ್ರಿ. ಇಲ್ಲಿ ಇನ್ನೊಂದು ಒಲಿ ಕಟ್ಟೋದದ. ಒಂದರ ಮ್ಯಾಲೆ ಆಗವಲ್ದು."

ಆ ಕಡೆ ಪುಣೆಯ ಯಾವುದೋ ಗಾಡಿಯ ಹಾರ್ನು ಕೇಳಿತು. ಆಮೇಲೆ ಅಪ್ಪ ಗೌಂಡಿಯ ದನಿಯಲ್ಲಿ ಕೇಳಿದ:

"ಮಣ್ಣ ಕಲಸಲಾಕ ನೀರು?"

"ನೀರು ನಾ ನೋಡ್ತೇನಿ," ಅಂದಳು ಅವ್ವ. "ನೀವು ಬರ್ರಿ."